ಗರ್ಭಿಣಿಯರು ಮತ್ತು ಬಾಣಂತಿಯರಲ್ಲಿ ತೀವ್ರ ಸ್ವರೂಪದ ವೈರಾಣು ಜ್ವರ: ಸಾರ್ವಜನಿಕರಿಗೆ ಮಾಹಿತಿ

ಇತರರಲ್ಲಿ ಕೆಲವೇ ದಿನಗಳಲ್ಲಿ ಗುಣವಾಗುವ ವೈರಾಣು ಜ್ವರವು ಗರ್ಭಿಣಿಯರಲ್ಲಿಯೂ ಬಾಣಂತಿಯರಲ್ಲಿಯೂ ಪ್ರಾಣಾಪಾಯಕ್ಕೆ ಕಾರಣವಾಗಬಹುದಾಗಿದೆ. ಗರ್ಭ ಬೆಳೆದಂತೆ ವಪೆಯು ಮೇಲಕ್ಕೆ ಒತ್ತಲ್ಪಟ್ಟು ಶ್ವಾಸಕೋಶಗಳು ಹಿಗ್ಗಲು ಇರುವ ಅವಕಾಶ ಕಡಿಮೆಯಾಗುತ್ತದೆ. ಅದೇ ವೇಳೆಗೆ ಆಮ್ಲಜನಕದ ಅಗತ್ಯವೂ ಹೃದಯದ ಮೇಲಿನ ಹೊರೆಯೂ ಹೆಚ್ಚುತ್ತವೆ. ರೋಗನಿರೋಧಕ ವ್ಯವಸ್ಥೆಯಲ್ಲಿಯೂ ಬದಲಾವಣೆಗಳಾಗುತ್ತವೆ. ಹೆರಿಗೆಯಾದ ಕೂಡಲೇ ದೇಹವು ಹಿಂದಿನ ಸ್ಥಿತಿಗೆ ಮರಳುವುದಿಲ್ಲವಾದುದರಿಂದ, ಇನ್‌ಫ್ಲುಯೆಂಜಾ ವಿಷಯದಲ್ಲಿ ಹೆರಿಗೆಯ ನಂತರದ ಮೊದಲ ಎರಡು ವಾರಗಳನ್ನೂ ಅಪಾಯದ ಅವಧಿಯೆಂದೇ ಪರಿಗಣಿಸಲಾಗುತ್ತದೆ.

2009ರ ಎಚ್1ಎನ್1 ಪಿಡುಗಿನಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರ ಪಾಲು ಶೇ. 1ರಷ್ಟಿದ್ದರೂ, ಆ ರೋಗದಿಂದ ಮೃತಪಟ್ಟವರಲ್ಲಿ ಅವರ ಪಾಲು ಸುಮಾರು ಶೇ. 5ರಷ್ಟಿತ್ತು. ಭಾರತ ಸರ್ಕಾರದ ಮಾರ್ಗಸೂಚಿಯು ರೋಗಿಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸುತ್ತದೆ. ಜ್ವರ, ಕೆಮ್ಮು, ಗಂಟಲು ನೋವು ಸೌಮ್ಯವಾಗಿದ್ದರೂ ಗರ್ಭಿಣಿಯರು ಬಿ ವರ್ಗಕ್ಕೆ ಸೇರುತ್ತಾರೆ. ಇವರಿಗೆ ಗಂಟಲು ದ್ರವದ ಪರೀಕ್ಷೆಗೆ ಕಾಯದೆ ಒಸೆಲ್ಟಾಮಿವಿರ್ ಔಷಧಿ ನೀಡಬಹುದಾಗಿದೆ. ಲಕ್ಷಣ ಕಾಣಿಸಿದ 48 ಗಂಟೆಗಳೊಳಗೆ ಪ್ರಾರಂಭಿಸಿದಲ್ಲಿ ಇದರ ಪ್ರಯೋಜನ ಹೆಚ್ಚು. "ಬಸುರಿಯಲ್ಲಿ ಮಾತ್ರೆ ಬೇಡ" ಎಂದು ಮನೆಯಲ್ಲಿ ಕಳೆಯುವ ಮೂರು ನಾಲ್ಕು ದಿನಗಳೇ ಹಲವು ವೇಳೆ ಮುಳುವಾಗುತ್ತವೆ. ಉಸಿರಾಟದ ತೊಂದರೆ, ಎದೆನೋವು, ಕಫದಲ್ಲಿ ರಕ್ತ, ಮಂಪರು, ಉಗುರು ನೀಲಿಯಾಗುವುದು ಸಿ ವರ್ಗದ ಲಕ್ಷಣಗಳು. ಕೂಡಲೇ ಒಳರೋಗಿಯಾಗಿ ದಾಖಲಾಗತಕ್ಕದ್ದು.

ಬಾಣಂತನದಲ್ಲಿ ಬರುವ ಜ್ವರವನ್ನು ಶೀತವೆಂದೋ, ಎದೆಹಾಲು ಕಟ್ಟಿದ್ದರಿಂದ ಬಂದದ್ದೆಂದೋ ಭಾವಿಸಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕಿ ಮಲಗಿಸುವುದು ಇಂದಿಗೂ ರೂಢಿಯಲ್ಲಿದೆ. ಉಬ್ಬಸವಿರುವ ಬಾಣಂತಿಗೆ ಹೊಗೆಯಿಂದ ತೊಂದರೆ ಹೆಚ್ಚುವುದೇ ಹೊರತು ಉಪಶಮನವಾಗದು. ಇನ್‌ಫ್ಲುಯೆಂಜಾ ಇದ್ದರೂ ಮುಖಗವಸು ಧರಿಸಿ, ಕೈ ತೊಳೆದು ಎದೆಹಾಲು ಉಣಿಸಬಹುದು.

ಡೆಂಗ್ಯೂ ಜ್ವರದಲ್ಲಿ ಪ್ಯಾರಾಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೇನ್ ಮುಂತಾದ ನೋವು ನಿವಾರಕಗಳನ್ನು ಸೇವಿಸಬಾರದು, ರಕ್ತಸ್ರಾವದ ಸಂಭವವಿದೆ. ಜ್ವರ ಇಳಿಯುವ ದಿನಗಳಲ್ಲಿಯೇ ಅಪಾಯ ಹೆಚ್ಚೆಂಬುದನ್ನು ಗಮನಿಸುವುದು. ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್-ಇ ಕಾಮಾಲೆಯು ಏಳನೆಯ ತಿಂಗಳ ನಂತರ ಬಂದಲ್ಲಿ ಅತಿ ಮಾರಕ. ಇಂತಹ ಗರ್ಭಿಣಿಯರಲ್ಲಿ ಮರಣ ಪ್ರಮಾಣ ಶೇ. 20ರಿಂದ 25ರವರೆಗೆ ವರದಿಯಾಗಿದೆ. ಆದುದರಿಂದ ಕಾಮಾಲೆಗೆ ನಾಟಿ ಔಷಧಿಯನ್ನು ನಂಬಿ ಕೂರುವಂತಿಲ್ಲ. ಸೀತಾಳೆ ಸಿಡುಬನ್ನು ಅಮ್ಮನೆಂದು ಪೂಜಿಸುವ ಮನೆಗಳಲ್ಲಿಯೂ ಗರ್ಭಿಣಿಯನ್ನು ವೈದ್ಯರಿಗೆ ತೋರಿಸುವುದು ಅಗತ್ಯ. ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಗುಳ್ಳೆಗಳು ಎದ್ದಲ್ಲಿ ನವಜಾತ ಶಿಶುವಿಗೂ ಅಪಾಯವಿದೆ.

ಮೈಸೂರು ನಗರದಲ್ಲಿ ಸಮೀಪದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮೊದಲು ಸಂಪರ್ಕಿಸಬಹುದು. ತೀವ್ರ ಲಕ್ಷಣಗಳಿದ್ದಲ್ಲಿ ನೇರವಾಗಿ, ಮೈಸೂರು ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗೆ ಸೇರಿದ ಚೆಲುವಾಂಬ ಆಸ್ಪತ್ರೆಗೆ ತೆರಳುವುದು. ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧಿ, ಪರೀಕ್ಷೆ, ರಕ್ತ ಹಾಗೂ ಊಟ ಉಚಿತ. ಗರ್ಭಾವಸ್ಥೆಯ ಮತ್ತು ಹೆರಿಗೆಯ ನಂತರದ ತೊಡಕುಗಳಿಗೂ ಈ ಸೌಲಭ್ಯವನ್ನು 2014ರಲ್ಲಿ ವಿಸ್ತರಿಸಲಾಗಿದೆ.

ಹೆರಿಗೆಗೆ ತವರಿಗೆ ತೆರಳುವವರು ತಾಯಿ ಕಾರ್ಡನ್ನು ಗಂಡನ ಮನೆಯಲ್ಲಿ ಬಿಟ್ಟು ಹೋಗಬಾರದು. ರಕ್ತದ ಗುಂಪು, ಹಿಮೋಗ್ಲೋಬಿನ್ ಪ್ರಮಾಣ, ಪಡೆದ ಚುಚ್ಚುಮದ್ದು ಇವೆಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ತವರಿನ ಆಶಾ ಕಾರ್ಯಕರ್ತೆಗೆ ಕಾರ್ಡನ್ನು ತೋರಿಸಿದಲ್ಲಿ, ಹೆರಿಗೆಯ ನಂತರ 42 ದಿನಗಳವರೆಗಿನ ಮನೆ ಭೇಟಿಗೆ ಅವರು ಬರುತ್ತಾರೆ. ಆಗ ಜ್ವರದ ವಿಷಯವನ್ನು ಮರೆಮಾಚದೆ ತಿಳಿಸುವುದು.