ಬರಹ, ನುಡಿ ಮತ್ತು ನಮ್ಮ ಹಳೆಯ ಕಡತಗಳು

ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿ ಭಾಗದ ಸದಸ್ಯರಲ್ಲಿ ಹಲವರ ಬಳಿ ಕನ್ನಡದ ಹಳೆಯ ಕಂಪ್ಯೂಟರ್ ಕಡತಗಳಿವೆ: ಸಭೆಯ ವರದಿಗಳು, ರಾಜ್ಯೋತ್ಸವದ ಆಹ್ವಾನ ಪತ್ರಿಕೆಗಳು, ಶಾಲೆಯ ಪ್ರಶ್ನೆಪತ್ರಿಕೆಗಳು. ಈಗ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಾರಣ ತಿಳಿಯಲು ಈ ತಂತ್ರಾಂಶಗಳು ಬೆಳೆದ ಬಗೆಯನ್ನು ನೋಡಬೇಕು.

ಕೆ.ಪಿ. ರಾವ್ ಕೀಲಿಮಣೆ

ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಬೆರಳಚ್ಚಿಸುವ ವಿನ್ಯಾಸ ರೂಪಿಸಿದರು. ಒಂದು ಕೀಲಿಗೆ ಒಂದು ಅಕ್ಷರ. ಒತ್ತಕ್ಷರ ಬೇಕಾದಾಗ ನಡುವೆ 'ಎಫ್' ಕೀಲಿ. 'ಕನ್ನಡ' ಎಂದು ಬರೆಯಲು ಐದೇ ಕೀಲಿ ಸಾಕು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಅವರು 'ಸೇಡಿಯಾಪು' ತಂತ್ರಾಂಶ ರೂಪಿಸಿ ಉಚಿತವಾಗಿ ಹಂಚಿದರು.

ಬರಹ

ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರ ಜನವರಿ 1ರಂದು ಬಿಡುಗಡೆಯಾಯಿತು. ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತಿತ್ತು. ಕೀಲಿಮಣೆ ಕಲಿಯದವರಿಗೂ ಸುಲಭ, ಇಂಟರ್ನೆಟ್‌ನಲ್ಲಿ ಉಚಿತ. ಹೀಗಾಗಿ ಅದು ಕರ್ನಾಟಕದ ಹೊರಗಿನ, ವಿದೇಶದ ಕನ್ನಡಿಗರನ್ನೂ ಬೇಗ ತಲುಪಿತು. ನಂತರದ ಆವೃತ್ತಿಗಳಿಗೆ ಹಣ ಕೊಡಬೇಕಾಯಿತು.

ನುಡಿ

ಕರ್ನಾಟಕ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೇ ಅದರಲ್ಲೂ ಇದೆ. ಸರ್ಕಾರಿ ಕಚೇರಿಗಳಲ್ಲೂ ಡಿ.ಟಿ.ಪಿ. ಅಂಗಡಿಗಳಲ್ಲೂ ಅದು ನೆಲೆಯೂರಿತು. ಉಚಿತವಾದ್ದರಿಂದ ರಾಜ್ಯದ ಗಡಿ ಅದಕ್ಕೆ ಅಡ್ಡಿಯಾಗಲಿಲ್ಲ. ತಮಿಳುನಾಡಿನಲ್ಲಿದ್ದುಕೊಂಡೇ ನಾವು ನಮ್ಮ ಕರಪತ್ರ, ವರದಿಗಳನ್ನು ನಾವೇ ಸಿದ್ಧಪಡಿಸಿಕೊಳ್ಳುವಂತಾಯಿತು.

ತೊಡಕು ಎಲ್ಲಿದೆ?

ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಮತ್ತಿತರ ಸಂಕೇತಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು.  ಆ ಫಾಂಟ್ ಇಲ್ಲದಿದ್ದರೆ ಕಡತ ಓದಲು ಬರುವುದಿಲ್ಲ, ಅದರೊಳಗೆ ಪದ ಹುಡುಕಲೂ ಆಗುವುದಿಲ್ಲ. ಯುನಿಕೋಡ್ ಕನ್ನಡಕ್ಕೆ ತನ್ನದೇ ಜಾಗ ಕೊಟ್ಟಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಬಂತು. ಇಂದಿನ ಮೊಬೈಲ್‌ಗಳೂ ಯುನಿಕೋಡನ್ನೇ ಬಳಸುತ್ತವೆ.

ಸದಸ್ಯರು ಮಾಡಬೇಕಾದದ್ದು

1. ಮೊದಲು ಮೂಲ ಕಡತದ ಒಂದು ಪ್ರತಿ ತೆಗೆದಿಡಿ. ಮೂಲವನ್ನು ಅಳಿಸಬೇಡಿ.
2. ಕಡತ ಯಾವ ತಂತ್ರಾಂಶದ್ದು ಎಂದು ಫಾಂಟ್ ಹೆಸರಿನಿಂದ ಗುರುತಿಸಿ.
3. ನುಡಿ ಅಥವಾ ಬರಹದಲ್ಲಿರುವ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ.
4. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳಬಹುದು. ಪೂರ್ತಿ ಓದಿ ತಿದ್ದಿ.

ಗಡಿಭಾಗದ ನಮ್ಮ ಶಾಲೆಗಳ, ಸಂಘಗಳ ಎಷ್ಟೋ ಸಂಗತಿಗಳು ಬೇರೆಲ್ಲೂ ಅಚ್ಚಾಗಿಲ್ಲ. ಹಳೆಯ ಸಿ.ಡಿ., ಹಾರ್ಡ್ ಡಿಸ್ಕ್ ಕೆಟ್ಟುಹೋದರೆ ಅವು ಮತ್ತೆ ಸಿಗುವುದಿಲ್ಲ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ದಯವಿಟ್ಟು ಒಮ್ಮೆ ತೆರೆದು ನೋಡಿ.