ಲಾಡಿ ಜಾರುವುದೇಕೆ? ಉಡಿದಾರದಿಂದ ಟ್ರ್ಯಾಕ್ ಪ್ಯಾಂಟಿನವರೆಗೆ ಒಂದು ಗಂಟಿನ ಇತಿಹಾಸ

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಬೆಳಿಗ್ಗೆ ಹೋದರೆ ಪೊಲೀಸ್ ಭರ್ತಿಗೆ, ಸೈನ್ಯದ ಭರ್ತಿಗೆ ಓಟ ಅಭ್ಯಾಸ ಮಾಡುವ ಹುಡುಗರು ಕಾಣಿಸುತ್ತಾರೆ. ಅವರಲ್ಲಿ ಒಬ್ಬಿಬ್ಬರಾದರೂ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಓಡುತ್ತಿರುತ್ತಾರೆ. ಎಲಾಸ್ಟಿಕ್ ಸಡಿಲ, ಲಾಡಿ ಬಿಚ್ಚಿಕೊಂಡಿದೆ. ನಿಂತು ಮತ್ತೆ ಕಟ್ಟುತ್ತಾರೆ, ಈ ಸಲ ಇನ್ನೂ ಬಿಗಿಯಾಗಿ. ಇನ್ನೊಂದು ಫರ್ಲಾಂಗು ಓಡುವುದರೊಳಗೆ ಅದೂ ಹೋಯಿತು.

ಪ್ಯಾಂಟು ಮಾರಿದ ಅಂಗಡಿಯವನನ್ನು ಬೈಯುವ ಮೊದಲು ಗಂಟನ್ನು ಒಮ್ಮೆ ನೋಡಬೇಕು. ಬಿಗಿಯಾಗಿ ಕಟ್ಟುವುದು ಬೇರೆ, ಭದ್ರವಾಗಿ ಕಟ್ಟುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಹುಡುಗರು ಓಟದಲ್ಲಿ ಹಿಂದೆ ಬೀಳುತ್ತಾರೆ, ಅಷ್ಟೇ. ನಮ್ಮ ತಾಯಂದಿರು, ಅಕ್ಕಂದಿರು ಸೊಂಟದ ಸುತ್ತ ಮಾಯದ ಕಲೆಯನ್ನೇ ಹೊತ್ತುಕೊಂಡಿದ್ದಾರೆ. ಆ ಮಾತಿಗೆ ಆಮೇಲೆ ಬರುತ್ತೇವೆ. ಮೊದಲು ಈ ಲಾಡಿ ನಮ್ಮ ಸೊಂಟಕ್ಕೆ ಬಂದ ದಾರಿ ನೋಡೋಣ.

ನಮ್ಮ ಕರಾವಳಿಯಲ್ಲಿ ಮೊದಲು ಬಂದದ್ದು ದಾರ, ಬಟ್ಟೆ ಆಮೇಲೆ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಸೊಂಟಕ್ಕೆ ಉಡಿದಾರ ಕಟ್ಟುತ್ತಾರೆ. ದೃಷ್ಟಿ ತಾಗದಿರಲಿ ಎಂಬ ನಂಬಿಕೆ ಒಂದು ಕಡೆ ಇರಲಿ, ಗಂಡಸರಿಗೆ ಅದು ದುಡಿಮೆಯ ವಸ್ತುವೂ ಆಗಿತ್ತು. ಲಂಗೋಟಿ ನಿಲ್ಲುತ್ತಿದ್ದುದು ಅದರ ಮೇಲೆ. ಬಟ್ಟೆಯ ಒಂದು ತುದಿಯನ್ನು ಮುಂದೆ ದಾರದೊಳಗೆ ತೂರಿಸಿ, ಕಾಲ ನಡುವೆ ತಂದು, ಹಿಂದೆ ಸಿಕ್ಕಿಸಿದರೆ ಮುಗಿಯಿತು. ಕೊಂಕಣಿ ಮಾತಾಡುವ ಮೀನುಗಾರರು ಕಾಷ್ಟಿ ಎನ್ನುವುದೂ ಇದನ್ನೇ. ಗದ್ದೆಯಲ್ಲಿ ಕೆಲಸ ಮಾಡುವವರು ಕತ್ತಿ ಸಿಕ್ಕಿಸುವ ಕೊಕ್ಕೆಯನ್ನೂ ಸೊಂಟದ ಹಗ್ಗಕ್ಕೇ ಕಟ್ಟುತ್ತಿದ್ದರು. ಎದೆಮಟ್ಟದ ನೀರಿನಲ್ಲಿ ಬಲೆ ಎಳೆಯುವವನಿಗೆ ಇದಕ್ಕಿಂತ ಒಳ್ಳೆಯ ಉಡುಪು ಇರಲಿಲ್ಲ. ನೀರು ಹಿಡಿಯುವುದಿಲ್ಲ, ಕಾಲಿಗೆ ಸುತ್ತಿಕೊಳ್ಳುವುದಿಲ್ಲ, ಜಾರುವ ಪ್ರಶ್ನೆಯೇ ಇಲ್ಲ. ಉಡಿದಾರದ ಗಂಟನ್ನು ದಿನಾ ಬಿಚ್ಚುವುದಿಲ್ಲವಲ್ಲ, ಒಮ್ಮೆ ಕಟ್ಟಿದರೆ ದಾರ ಸವೆದು ಹರಿಯುವ ತನಕ ಅದೇ ಗಂಟು.

ಅಂಕೋಲಾದ ಹಾಲಕ್ಕಿ ಒಕ್ಕಲಿಗ ಹೆಂಗಸರ ಸೀರೆಯೂ ಗಂಟಿನ ಮೇಲೇ ನಿಂತದ್ದು. ರವಿಕೆ ಇಲ್ಲ, ಪಿನ್ನು ಇಲ್ಲ. ಹೆಗಲ ಬಳಿ ಹಾಕಿದ ಒಂದು ಗಂಟು ಇಡೀ ಸೀರೆಯನ್ನು ಹಿಡಿದುಕೊಳ್ಳುತ್ತದೆ. 2021ರ ನವೆಂಬರಿನಲ್ಲಿ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ತೆಗೆದುಕೊಂಡದ್ದು ಇದೇ ಉಡುಗೆಯಲ್ಲಿ. ದೇಶವೆಲ್ಲ ಆ ಬರಿಗಾಲನ್ನು ನೋಡಿತು. ಆ ಗಂಟನ್ನೂ ಯಾರಾದರೂ ನೋಡಬೇಕಿತ್ತು ಎಂದು ನಮಗೆ ಅನಿಸುತ್ತದೆ.

ಬಟ್ಟೆಯ ಅಂಚನ್ನು ಮಡಿಸಿ ಹೊಲಿದು, ಆ ಮಡಿಕೆಯೊಳಗೆ ದಾರ ತೂರಿಸಿ, ಎಳೆದು ಬಾಯಿ ಮುಚ್ಚುವ ಯುಕ್ತಿಯೂ ನಮ್ಮಲ್ಲಿ ಹಳೆಯದೇ. ಮನೆಯ ಹಿರಿಯರ ಕವಳದ ಸಂಚಿ ನೆನಪಿಸಿಕೊಳ್ಳಿ. ಬಾಯಿಯ ಸುತ್ತ ಎರಡು ದಾರ, ಒಂದರ ತುದಿ ಎಡಕ್ಕೆ, ಇನ್ನೊಂದರದ್ದು ಬಲಕ್ಕೆ. ಎರಡೂ ಕಡೆ ಎಳೆದರೆ ಸಂಚಿ ಗಪ್ಪನೆ ಮುಚ್ಚುತ್ತದೆ, ಗಂಟೇ ಬೇಡ. ದಾರ ಎರಡು ಕಡೆಯಿಂದಲೂ ಬಂದರೆ ಎಳೆತ ಸುತ್ತಲೂ ಸಮನಾಗುತ್ತದೆ. ನಮ್ಮ ಬಂದರಿನಲ್ಲಿ ಇದರ ದೊಡ್ಡಣ್ಣ ಇದ್ದಾನೆ. 1970ರ ದಶಕದ ನಡುವೆ ಕರ್ನಾಟಕದ ಕಡಲಿಗೆ ಬಂದ ಪರ್ಸೀನ್ ಬಲೆ ಅಂದರೆ ಲಾಡಿ ಹಾಕಿದ ಸಂಚಿಯೇ. ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು, ತಳದ ಬಳೆಗಳಲ್ಲಿ ಹಾಯಿಸಿದ ಹಗ್ಗ ಎಳೆದರೆ ಬಲೆಯ ತಳ ಮುಚ್ಚಿಕೊಳ್ಳುತ್ತದೆ. ದಡದಿಂದ ಹತ್ತಾರು ಮಂದಿ ಸೇರಿ ಎಳೆಯುತ್ತಿದ್ದ ರಂಪಣಿಯನ್ನು ಕೆಲವೇ ವರ್ಷಗಳಲ್ಲಿ ಮೂಲೆಗೆ ತಳ್ಳಿದ್ದು ಆ ಒಂದು ಹಗ್ಗ. ಅದರ ಜಗಳ ಬೇರೆಯದೇ ಕಥೆ, ಇನ್ನೊಮ್ಮೆ ಬರೆಯುತ್ತೇವೆ.

ಇನ್ನು ಕಾಲಿಗೆ ಏರಿಸುವ ಲಾಡಿಯ ಬಟ್ಟೆ. ಪೈಜಾಮ ಎಂಬುದು ಪಾರಸಿ ಮೂಲದ ಪದ. ಪಾಯ್ ಅಂದರೆ ಕಾಲು, ಜಾಮಾ ಅಂದರೆ ಉಡುಪು. ಭಾರತದಲ್ಲಿದ್ದ ಇಂಗ್ಲಿಷರು ಇದನ್ನು ರಾತ್ರಿಯುಡುಪು ಮಾಡಿಕೊಂಡರು. ಈ ಅಭ್ಯಾಸ ಅವರಿಗೆ ಪೋರ್ಚುಗೀಸರಿಂದ ಬಂದಿರಬಹುದು ಎಂದು 1886ರ ಹಾಬ್ಸನ್-ಜಾಬ್ಸನ್ ನಿಘಂಟು ಹೇಳುತ್ತದೆ. ಹಾಗಿದ್ದರೆ ಕಾಳಿ ನದಿಯಿಂದ ಸ್ವಲ್ಪವೇ ಆಚೆಗಿರುವ ಗೋವೆಗೂ ಈ ಕಥೆಯಲ್ಲಿ ಪಾಲಿದೆ. ಬಟ್ಟೆಯ ವ್ಯಾಪಾರ ಕಾರವಾರಕ್ಕೂ ಹೊಸದಲ್ಲ. 1638ರಲ್ಲಿ ಕೋರ್ಟೀನ್ ಕಂಪನಿ ಇಲ್ಲಿ ಕೋಠಿ ತೆರೆದದ್ದು ಮೆಣಸಿನ ಆಸೆಗೆ. ಆದರೆ ಹುಬ್ಬಳ್ಳಿ ಕಡೆಯ ನೇಕಾರರ ನಯವಾದ ಮಸ್ಲಿನ್, ಜೊತೆಗೆ ಡುಂಗರಿ ಎಂಬ ಒರಟು ನೀಲಿ ಹತ್ತಿ ಬಟ್ಟೆ ಘಟ್ಟ ಇಳಿದು ಇಲ್ಲಿಂದ ಹಡಗು ಹತ್ತಿದವು. ಇಂಗ್ಲಿಷಿನಲ್ಲಿ ದುಡಿಯುವವರ ಪ್ಯಾಂಟಿಗೆ ಡಂಗರೀಸ್ ಎಂಬ ಹೆಸರು ಬಂದದ್ದು ಆ ಬಟ್ಟೆಯ ಹೆಸರಿನಿಂದಲೇ.

1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರವರೆಗೂ ಆ ಕಡೆಗೇ ಇತ್ತು. ಕಚೇರಿ, ಶಾಲೆ, ಹೊಲಿಗೆ ಅಂಗಡಿ ಎಲ್ಲದರಲ್ಲೂ ಮರಾಠಿಯ ಗಾಳಿ. ಮರಾಠಿಯ ನಾಡಿ, ಹಿಂದಿಯ ನಾಡಾ, ನಮ್ಮ ಲಾಡಿ ಮೂರನ್ನೂ ಒಟ್ಟಿಗೆ ಹೇಳಿ ನೋಡಿ, ಒಂದೇ ಮನೆಯವು ಎಂದು ಕಿವಿಗೇ ಗೊತ್ತಾಗುತ್ತದೆ. ಪಟ್ಟಾಪಟ್ಟಿ ಚಡ್ಡಿ, ಹೆಂಗಸರ ಒಳಲಂಗ, ಶಾಲೆಯ ಮಕ್ಕಳ ಚಡ್ಡಿ ಎಲ್ಲಕ್ಕೂ ಹತ್ತಿಯ ಲಾಡಿ. ಹತ್ತಿ ಒರಟು, ಆದ್ದರಿಂದ ಕೆಟ್ಟ ಗಂಟೂ ಹೇಗೋ ನಿಲ್ಲುತ್ತಿತ್ತು. ಅದರ ಕಷ್ಟವೇ ಬೇರೆ: ಒದ್ದೆಯಾದರೆ ಉಬ್ಬಿ ಕಗ್ಗಂಟಾಗುತ್ತದೆ. ಶಾಲೆಯ ಹಿಂದೆ ಅವಸರದಲ್ಲಿ ನಿಂತ ಹುಡುಗನಿಗೆ ಅದರ ಸಂಕಟ ಗೊತ್ತು, ಹೆಚ್ಚು ಹೇಳುವುದಿಲ್ಲ.

ಆಮೇಲೆ ಎಲಾಸ್ಟಿಕ್. ಲಂಡನ್ನಿನ ಥಾಮಸ್ ಹ್ಯಾನ್‌ಕಾಕ್ 1820ರಲ್ಲೇ ಬಟ್ಟೆಗೆ ರಬ್ಬರ್ ಪಟ್ಟಿ ಹಾಕುವ ಪೇಟೆಂಟ್ ಪಡೆದಿದ್ದ. 1942ರಲ್ಲಿ ಜಪಾನ್ ಮಲಯವನ್ನು ಹಿಡಿದಾಗ ರಬ್ಬರ್ ಸಿಗದೆ ಅಮೆರಿಕ, ಇಂಗ್ಲೆಂಡಿನವರೂ ಒಳಉಡುಪಿಗೆ ಮತ್ತೆ ಗುಂಡಿ, ದಾರಕ್ಕೆ ಇಳಿದರು. ನಮ್ಮ ಹಳ್ಳಿಗಳಿಗೆ ಎಲಾಸ್ಟಿಕ್ ತಡವಾಗಿ ಬಂತು, ಬಂದಮೇಲೆ ಎಲ್ಲವನ್ನೂ ಆಕ್ರಮಿಸಿತು. ಲಾಡಿ ಬರೀ ಅಲಂಕಾರವಾಯಿತು. ಕಟ್ಟುವುದನ್ನು ಮಕ್ಕಳಿಗೆ ಯಾರೂ ಕಲಿಸಲಿಲ್ಲ. ಆದರೆ ಕರಾವಳಿಯ ಬಿಸಿಲು, ಬೆವರಿಗೆ ಎಲಾಸ್ಟಿಕ್ ಬೇಗ ಸೋಲುತ್ತದೆ. ಆಗ ಉಳಿಯುವುದು ಲಾಡಿ ಮಾತ್ರ, ಅದೂ ಈಗ ಪಾಲಿಯೆಸ್ಟರಿನದ್ದು, ಹಾವಿನಂತೆ ನುಣುಪು. ನುಣುಪಿನ ದಾರದಲ್ಲಿ ಕೆಟ್ಟ ಗಂಟು ನಿಲ್ಲುವುದಿಲ್ಲ.

ಕೆಟ್ಟ ಗಂಟು ಯಾವುದು? ನಾವೆಲ್ಲ ಲಾಡಿ ಕಟ್ಟುವುದು ಎರಡು ಹೆಜ್ಜೆಯಲ್ಲಿ. ಮೊದಲು ಎರಡು ತುದಿಗಳನ್ನು ಒಂದರ ಮೇಲೊಂದು ಹಾಯಿಸಿ ಒಂದು ಸುತ್ತು. ಅದರ ಮೇಲೆ ಎರಡು ಕಿವಿಯ ಚಿಟ್ಟೆ ಗಂಟು. ಎರಡೂ ಹೆಜ್ಜೆಯಲ್ಲಿ ದಾರ ಒಂದೇ ದಿಕ್ಕಿಗೆ ತಿರುಗಿದರೆ ಗಂಟು ಓರೆಯಾಗಿ ಕೂರುತ್ತದೆ, ಎಳೆದಾಗ ಜಾರುತ್ತದೆ. ಇಂಗ್ಲಿಷರು ಇದನ್ನು ಗ್ರ್ಯಾನಿ ನಾಟ್, ಅಜ್ಜಿಯ ಗಂಟು ಎನ್ನುತ್ತಾರೆ. ಜೀವಮಾನವೆಲ್ಲ ಹುಲ್ಲಿನ ಹೊರೆ ಕಟ್ಟಿದ ನಮ್ಮ ಅಜ್ಜಿಯರು ಕೇಳಿದರೆ ಸುಮ್ಮನಿರಲಿಕ್ಕಿಲ್ಲ. ಎರಡನೆಯ ಹೆಜ್ಜೆ ಮೊದಲನೆಯದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿದರೆ ಎರಡೂ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಇದು ರೀಫ್ ನಾಟ್. ಹಾಯಿಹಡಗಿನವರು ಹಾಯಿ ಮಡಿಸಿ ಕಟ್ಟಲು ಬಳಸಿದ್ದು, ಸ್ಕೌಟ್ಸ್ ಮಕ್ಕಳಿಗೆ ಇಂದಿಗೂ ಹೇಳಿಕೊಡುವುದು ಇದನ್ನೇ. ರೋಮನ್ನರು ಇದನ್ನು ಹರ್ಕ್ಯುಲೀಸ್ ಗಂಟು ಎಂದು ಕರೆದು ಮದುಮಗಳ ಸೊಂಟಪಟ್ಟಿಗೆ ಹಾಕುತ್ತಿದ್ದರು. ಈ ಗಂಟಿನಿಂದ ಗಾಯಕ್ಕೆ ಪಟ್ಟಿ ಕಟ್ಟಿದರೆ ಬೇಗ ಮಾಯುತ್ತದೆ ಎಂದು ಒಂದನೇ ಶತಮಾನದ ಪ್ಲಿನಿ ಬರೆದಿದ್ದಾನೆ.

2017ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಶೂ ಲೇಸ್ ಬಿಚ್ಚಿಕೊಳ್ಳುವುದನ್ನು ಅತಿ ವೇಗದ ಕ್ಯಾಮೆರಾದಲ್ಲಿ ಹಿಡಿದರು. ಕಾಲು ನೆಲಕ್ಕೆ ಬಡಿದಾಗ ಗಂಟು ಸ್ವಲ್ಪ ಸ್ವಲ್ಪ ಸಡಿಲಾಗುತ್ತದೆ, ಜೋತಾಡುವ ತುದಿಗಳು ಬೀಸಿ ಎಳೆಯುತ್ತವೆ, ಬಹಳ ಹೊತ್ತು ಏನೂ ಆಗದಂತಿದ್ದು ಕೊನೆಗೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಅಜ್ಜಿಯ ಗಂಟು ರೀಫ್ ಗಂಟಿಗಿಂತ ಬೇಗ ಸೋತಿತು. ಸೊಂಟಕ್ಕೆ ಅಷ್ಟು ಬಡಿತವಿಲ್ಲ, ನಿಜ. ಆದರೂ ಓಡುವವನ ಉದ್ದ ಲಾಡಿ ಜೋತಾಡುವುದನ್ನು ನೋಡಿದರೆ ಕಥೆ ಅದೇ ಅನಿಸುತ್ತದೆ.

ನಿಮ್ಮದು ಯಾವ ಗಂಟು ಎಂದು ತಿಳಿಯಲು ಈಗಲೇ ಕಟ್ಟಿ ನೋಡಿ. ಚಿಟ್ಟೆಯ ಕಿವಿಗಳು ಸೊಂಟದ ಉದ್ದಕ್ಕೆ, ಎಡಕ್ಕೆ ಮತ್ತು ಬಲಕ್ಕೆ ಮಲಗಿದರೆ ಸರಿ ಇದೆ. ಒಂದು ಕಿವಿ ಹೊಕ್ಕುಳಿನ ಕಡೆ, ಇನ್ನೊಂದು ಕಾಲಿನ ಕಡೆ ನಿಂತರೆ ತಪ್ಪು ಗಂಟು. ತಪ್ಪಾದರೆ ಚಿಟ್ಟೆ ಕಟ್ಟುವ ಕೈರೂಢಿ ಬದಲಿಸಲು ಹೋಗಬೇಡಿ, ಅದು ಬಾಲ್ಯದಿಂದ ಕುಳಿತದ್ದು. ಮೊದಲ ಸುತ್ತನ್ನು ಮಾತ್ರ ತಿರುಗಿಸಿ: ಬಲ ತುದಿಯನ್ನು ಎಡದ ಮೇಲೆ ಹಾಯಿಸುತ್ತಿದ್ದರೆ ಇನ್ನು ಎಡವನ್ನು ಬಲದ ಮೇಲೆ ಹಾಯಿಸಿ. ಒಂದು ವಾರ ಕೈ ತಡವರಿಸುತ್ತದೆ, ಆಮೇಲೆ ಒಗ್ಗುತ್ತದೆ.

ಪಾಲಿಯೆಸ್ಟರ್ ಲಾಡಿಯಾದರೆ ಮೊದಲ ಸುತ್ತನ್ನು ಒಂದರ ಬದಲು ಎರಡು ಸಲ ಹಾಯಿಸಿ. ಮೇಲಿನ ಚಿಟ್ಟೆ ಕಟ್ಟುವಷ್ಟು ಹೊತ್ತು ಅದು ಸಡಿಲಾಗದೆ ಕಾಯುತ್ತದೆ. ಕಬಡ್ಡಿಗೆ ಇಳಿಯುವವರು ಎರಡು ಕಿವಿಗಳನ್ನೇ ಸೇರಿಸಿ ಇನ್ನೊಂದು ಗಂಟು ಹಾಕಿ, ತುದಿಗಳನ್ನು ಒಳಗೆ ಸೇರಿಸಿಕೊಳ್ಳಲಿ. ಲಾಡಿ ಮಡಿಕೆಯೊಳಗೆ ಮಾಯವಾಗುವ ಕಾಟಕ್ಕೆ ತುದಿಗೊಂದು ಗಟ್ಟಿ ಗಂಟು, ಬೆನ್ನಿನ ಮಧ್ಯದಲ್ಲಿ ಬಟ್ಟೆಗೂ ಲಾಡಿಗೂ ಸೇರಿ ನಾಲ್ಕು ಹೊಲಿಗೆ ಸಾಕು. ಟ್ರಾಲರಿನಲ್ಲಿ ವಿಂಚ್ ಹತ್ತಿರ ಕೆಲಸ ಮಾಡುವವರು ಜೋತಾಡುವ ಲಾಡಿ ಬಿಡಲೇಬಾರದು, ತಿರುಗುವ ಯಂತ್ರಕ್ಕೆ ಬಟ್ಟೆಯೂ ಒಂದೇ, ಹಗ್ಗವೂ ಒಂದೇ. ಇನ್ನೊಂದು ಮಾತು: ಭಾರ ಎಳೆಯುವ ಎರಡು ಹಗ್ಗಗಳನ್ನು ಜೋಡಿಸಲು ರೀಫ್ ಗಂಟು ಬೇಡ. ಗಂಟುಗಳ ಬಗ್ಗೆ 1944ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ ಕ್ಲಿಫರ್ಡ್ ಆಶ್ಲಿ, ಹಾಗೆ ಬಳಸಿ ಸತ್ತವರು ಬಹಳ ಎಂದು ಎಚ್ಚರಿಸಿದ್ದಾನೆ. ದೋಣಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ದಡದಲ್ಲಿರುವ ನಮ್ಮಂಥವರಿಗೆ ಹೇಳಿದ್ದು.

ಈಗ ಆಗ ಬಾಕಿ ಉಳಿಸಿದ ಮಾತು. ಗಂಟು ಜಾರುತ್ತದೆ ಎಂದಾಗ ನಾವು ಮಾಡುವುದು ಒಂದೇ: ಇನ್ನಷ್ಟು ಬಿಗಿಯುವುದು. ಓಡುವ ಹುಡುಗ ಮನೆಗೆ ಹೋಗಿ ಬಿಚ್ಚುತ್ತಾನೆ. ಸೀರೆ ಉಡುವ ಹೆಂಗಸು ಬೆಳಗಿನ ದನದ ಕೊಟ್ಟಿಗೆಯಿಂದ ರಾತ್ರಿ ಅಡುಗೆಮನೆವರೆಗೆ, ದಶಕಗಟ್ಟಲೆ ಅದೇ ಜಾಗದಲ್ಲಿ ಅದೇ ಸಪೂರ ಲಾಡಿಯನ್ನು ಬಿಗಿದಿರುತ್ತಾಳೆ. ಇಡೀ ಸೀರೆಯ ಭಾರ ಅದರ ಮೇಲೆ. ಮೊದಲು ತುರಿಕೆ, ಆಮೇಲೆ ಚರ್ಮ ಕಪ್ಪಾಗಿ ದಪ್ಪವಾಗುವುದು. ಹೆಚ್ಚಿನವರಲ್ಲಿ ಅಲ್ಲಿಗೇ ನಿಲ್ಲುತ್ತದೆ. ಅಪರೂಪಕ್ಕೆ ಮುಂದೆ ಹೋಗುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ವಿ.ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲೇ ಧೋತ್ರ ಬಿಗಿಯುವ ಸೊಂಟದ ಜಾಗದಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರನ್ನು ದಾಖಲಿಸಿದ್ದರು. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ಹಿರಿಯ ಹೆಂಗಸರ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬರಿಗೆ ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ಒಂದೂವರೆ ವರ್ಷದಿಂದ ಮಾಯದ ಹುಣ್ಣು. ಇನ್ನೊಬ್ಬರು ಲಂಗವನ್ನೇ ಹಾಕದೆ ಸೀರೆಯನ್ನು ಸೊಂಟಕ್ಕೆ ಬಿಗಿದು ಉಡುತ್ತಿದ್ದವರು. ಇಬ್ಬರದ್ದೂ ಕ್ಯಾನ್ಸರ್ ಎಂದು ಗೊತ್ತಾಯಿತು. ಅಂದರೆ ದೋಷ ಲಂಗದ್ದೆಂದು ಹೇಳಿ ಮುಗಿಸುವಂತಿಲ್ಲ, ವರ್ಷಾನುಗಟ್ಟಲೆ ಒಂದೇ ಗೆರೆಯ ಮೇಲೆ ಬೀಳುವ ಬಿಗಿತ ಅಸಲು ತೊಂದರೆ.

ಇದಕ್ಕೆ ಖರ್ಚಿನ ಪರಿಹಾರ ಬೇಡ. ಸಪೂರ ದಾರದ ಬದಲು ಎರಡು ಬೆರಳಗಲದ ಹತ್ತಿ ಪಟ್ಟಿ ಹಾಕಿಕೊಡಲು ಊರಿನ ಟೇಲರ್‌ಗೆ ಹೇಳಿ. ಅಗಲವಾದರೆ ಭಾರ ಹರಡುತ್ತದೆ. ಇವತ್ತು ಹೊಕ್ಕುಳಿನ ಮೇಲೆ ಕಟ್ಟಿದರೆ ನಾಳೆ ಸ್ವಲ್ಪ ಕೆಳಗೆ ಕಟ್ಟಿ. ಮನೆಯಲ್ಲಿರುವಾಗ, ಮಲಗುವಾಗ ಸಡಿಲಿಸಿ. ಗಂಟು ಸರಿ ದಿಕ್ಕಿನದ್ದಾದರೆ ಲಾಡಿ ಮತ್ತು ಹೊಟ್ಟೆಯ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲವಿದ್ದರೂ ಅದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಸೊಂಟದ ಕಲೆಯ ಮೇಲೆ ಹುಣ್ಣಾಗಿ ಮೂರು ನಾಲ್ಕು ವಾರ ಕಳೆದರೂ ಮಾಯದಿದ್ದರೆ, ಅರಿಶಿನ ಹಚ್ಚುತ್ತ ಕೂರದೆ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಈ ಜಾಗದ ಗಾಯವನ್ನು ತೋರಿಸಲು ನಮ್ಮ ಹೆಂಗಸರು ನಾಚುತ್ತಾರೆ, ಮನೆಯ ಗಂಡಸರು ಕೇಳುವುದೂ ಇಲ್ಲ. ಇದನ್ನು ಫೋನಿನಲ್ಲಿ ಓದುತ್ತಿರುವ ಹುಡುಗರು ತಮ್ಮ ಟ್ರ್ಯಾಕ್ ಪ್ಯಾಂಟಿನ ಗಂಟು ಸರಿಮಾಡಿಕೊಂಡ ಮೇಲೆ ಮನೆಯಲ್ಲಿ ಒಮ್ಮೆ ಕೇಳಿ ನೋಡಲಿ.