ಯೊಸೆಮಿಟಿಯಲ್ಲೂ ಒಂದು ಮುಳುಗಡೆ

ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗರು ರಜೆಯಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಊರಿನ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕುತ್ತಾರೆ. ಅಲ್ಲಿನ ಜಲಪಾತ ಮೂರು ಹಂತದಲ್ಲಿ 739 ಮೀಟರ್ ಇಳಿಯುತ್ತದೆ. ನಮ್ಮ ಜೋಗ 253 ಮೀಟರ್. ನೋಡಲು ಚೆಂದವೇ. ಆದರೆ ಸಿಗಂದೂರಿನವರು ನೋಡಬೇಕಾದ್ದು ಅದೇ ಉದ್ಯಾನದ ಇನ್ನೊಂದು ಕಣಿವೆ, ಹೆಚ್‌ಹೆಚ್ಚಿ. ಅದೂ ಮುಳುಗಡೆಯದೇ.

ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾದದ್ದು 1890ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೀರು ಬೇಕಿತ್ತು. 1906ರ ಭೂಕಂಪ, ಅದರ ಬೆನ್ನಿಗೆ ಬಂದ ಬೆಂಕಿ ಆ ಬೇಡಿಕೆಗೆ ಬಲ ಕೊಟ್ಟವು. 1913ರಲ್ಲಿ ಅಲ್ಲಿನ ಸಂಸತ್ತು ಉದ್ಯಾನದೊಳಗೇ ಅಣೆಕಟ್ಟು ಕಟ್ಟಲು ಒಪ್ಪಿತು. ವರ್ಷಗಟ್ಟಲೆ ವಿರೋಧಿಸಿದ ಜಾನ್ ಮ್ಯೂರ್ ಮರುವರ್ಷವೇ ತೀರಿಕೊಂಡರು. 1923ರಲ್ಲಿ ಕಟ್ಟೆ ಮುಗಿಯಿತು, 1934ರಲ್ಲಿ ನೀರು ನಗರ ಮುಟ್ಟಿತು.

ಆ ಜಗಳ ನಡೆದದ್ದು ಹುಲ್ಲುಗಾವಲು, ಮರ, ಬಂಡೆಗಳಿಗಾಗಿ. ಜನರ ಮಾತು ಅಷ್ಟಾಗಿ ಬರಲಿಲ್ಲ. ಯಾಕೆಂದರೆ 1851ರಲ್ಲೇ ಸಶಸ್ತ್ರ ಪಡೆಯೊಂದು ಯೊಸೆಮಿಟಿ ಕಣಿವೆಗೆ ನುಗ್ಗಿ, ಅಲ್ಲಿದ್ದ ಅಹ್ವಾನೀಚಿ ಜನರ ಗುಡಿಸಲು, ಕೂಡಿಟ್ಟ ಆಹಾರ ಸುಟ್ಟು ಅವರನ್ನು ಓಡಿಸಿತ್ತು. ಪ್ರವಾಸಿಗಳು ಮೆಚ್ಚುವ ‘ಮನುಷ್ಯರಿಲ್ಲದ ಕಾಡು’ ಹಾಗೆ ತಯಾರಾದದ್ದು.

ನಮ್ಮಲ್ಲಿ ಮೊದಲು ಬಂದದ್ದು ಕಟ್ಟೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ ಜೋಗದಲ್ಲಿ ಕರೆಂಟು ಶುರುವಾಯಿತು. ಅದು ಸಾಲದೆ ಲಿಂಗನಮಕ್ಕಿ ಎದ್ದಿತು. 1964ರಲ್ಲಿ ಅದು ಪೂರ್ತಿಯಾದಾಗ ಹಳ್ಳಿ, ಗದ್ದೆ, ಅಡಿಕೆ ತೋಟದ ಜೊತೆ ಹಳೆಯ ಕಟ್ಟೆಯೂ ಮುಳುಗಿತು. ಕಟ್ಟೆಯನ್ನೇ ಕಟ್ಟೆ ನುಂಗಿದ ಊರು ನಮ್ಮದು! ಬೇಸಿಗೆಯಲ್ಲಿ ನೀರು ಇಳಿದ ವರ್ಷ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ.

ಮನೆಮಠ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳನ್ನು ಕಾಡಿನ ಜಾಗಗಳಲ್ಲಿ ಇಳಿಸಲಾಯಿತು. ಮರ ಕಡಿದು, ನೆಲ ಹಸನು ಮಾಡಿ ಮತ್ತೆ ಬದುಕು ಕಟ್ಟಿದರು. ಆಮೇಲೆ, 1972ರಲ್ಲಿ, ಈ ಕಣಿವೆಯ 431 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಸರ್ಕಾರವೇ ತಂದು ಕೂರಿಸಿದ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿದದ್ದರಿಂದ, ಕೇಂದ್ರದ ಒಪ್ಪಿಗೆ ಇಲ್ಲದೆ ಹಕ್ಕುಪತ್ರ ಕೊಡುವಂತಿಲ್ಲ ಎಂಬ ತೊಡಕು ಹುಟ್ಟಿತು. ಸಿಂಗಳೀಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರೆಂಟಿಗಾಗಿ ಊರು ಬಿಟ್ಟವರನ್ನೇ ಒತ್ತುವರಿದಾರರು ಅನ್ನುವುದು ಯಾವ ನ್ಯಾಯ?

ಈ ಕಡೆ ಕರೂರು, ಬಾರಂಗಿ ಹೋಬಳಿಯ ಜನ ಹಿನ್ನೀರಿನ ಆಚೆ ಉಳಿದು, ಸಾಗರಕ್ಕೆ ಹೋಗಲು ದಶಕಗಟ್ಟಲೆ ಲಾಂಚ್ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಈಗ ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಬರುವವರು ಅದರ ಮೇಲೆ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುತ್ತಾರೆ. ಎಂಥಾ ಪ್ರಕೃತಿ ಸೌಂದರ್ಯ ಅನ್ನುತ್ತಾರೆ. ಕೆಳಗಿರುವುದು ಗದ್ದೆಬಯಲು. ಅದನ್ನು ಬಿಟ್ಟು ಎದ್ದವರ ಮೊಮ್ಮಕ್ಕಳಲ್ಲಿ ಹಲವರು ಈಗಲೂ ಹಕ್ಕುಪತ್ರದ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರೆ.